ಹುಟ್ಟಿದ್ದು ಬುಧವಾರ ಬೆಳಗಿನ ಜಾವ, ಜಾತಕದಲ್ಲಿ ಮಂಗಳವಾರ: ಒಂದು ಕಾಸರಗೋಡು ಪ್ರಕರಣ

ಇದು ಕಾಸರಗೋಡು ಕಡೆಯ ಒಂದು ಕನ್ನಡ ಮನೆಯಲ್ಲಿ ಆದ ವಿಷಯ. ಹುಡುಗಿಯ ಹೆಸರು, ಊರು, ಹುಟ್ಟಿದ ವರ್ಷ, ತಾರೀಖು ಯಾವುದೂ ಇಲ್ಲಿ ಹಾಕುದಿಲ್ಲ, ಮನೆಯವರ ಒಪ್ಪಿಗೆ ಕೇಳಿಯೇ ಬರೀತಿದ್ದೇನೆ, ಗುರುತು ಸಿಗುವಂಥ ಒಂದೆರಡು ಸಂಗತಿ ಬೇಕಂತಲೇ ಬಿಟ್ಟಿದ್ದೇನೆ. ಗಂಟೆ, ಘಳಿಗೆ, ನಕ್ಷತ್ರ ಮಾತ್ರ ಇದ್ದ ಹಾಗೇ ಉಂಟು, ಅದನ್ನೂ ಬದಲಾಯಿಸಿದ್ರೆ ಓದಿದವರಿಗೆ ಎಂತ ಉಪಯೋಗವೂ ಆಗ್ಲಿಕ್ಕಿಲ್ಲ. ನಾನು ಜಾತಕದ ಗಣಿತದ ಭಾಗ ಮಾತ್ರ ನೋಡುವವ, ಫಲ ಹೇಳುವ ಕೆಲಸ ಜೋಯಿಸರಿಗೆ ಬಿಟ್ಟದ್ದು. ಹಾಗಾಗಿ ಈ ಬರಹದಲ್ಲಿ ಮದುವೆ ಆಗ್ತದಾ ಇಲ್ವಾ ಅನ್ನುದಕ್ಕಿಂತ ದಿನ ಯಾವಾಗ ಶುರು ಆಗ್ತದೆ ಅನ್ನುದೇ ಮುಖ್ಯ. ಈ ಒಂದು ಸಣ್ಣ ವಿಷಯ ಸರಿ ಗೊತ್ತಿಲ್ಲದೆ ಒಳ್ಳೆ ಮನೆತನದವರ ಮೇಲೆ "ಜಾತಕ ತಿದ್ದಿದ್ದಾರೆ" ಅನ್ನುವ ಮಾತು ಬಂತು, ಅದು ನನಗೆ ತುಂಬ ಬೇಜಾರಾದ ವಿಷಯ.

ಹಿನ್ನೆಲೆ

ಹುಡುಗಿ ಹುಟ್ಟಿದ್ದು ಜನವರಿ ತಿಂಗಳಲ್ಲಿ, ಮಕರ ಸಂಕ್ರಾಂತಿಗೆ ಸ್ವಲ್ಪ ಮೊದಲು, ಕಾಸರಗೋಡು ಪೇಟೆಯ ಒಂದು ಆಸ್ಪತ್ರೆಯಲ್ಲಿ. ಬರ್ತ್ ಸರ್ಟಿಫಿಕೇಟಲ್ಲಿ ಇರುವ ತಾರೀಖು ಕ್ಯಾಲೆಂಡರಲ್ಲಿ ನೋಡಿದ್ರೆ ಬುಧವಾರ. ಸಮಯ ಬೆಳಗ್ಗೆ 5:50 ಅಂತ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ ಉಂಟು. ಅವಳ ಅಜ್ಜ ಅದೇ ವಾರ ಊರಿನ ಜೋಯಿಸರ ಹತ್ರ ಹೋಗಿ ಜಾತಕ ಬರೆಸಿದ್ದಾರೆ. ಆ ಜೋಯಿಸರು ಈಗ ಇಲ್ಲ, ಅಜ್ಜನೂ ಇಲ್ಲ. ಉಳಿದಿರುವುದು ಉದ್ದದ ಲೆಕ್ಕದ ಪುಸ್ತಕದಿಂದ ಹರಿದ ಎರಡು ಹಾಳೆ, ಮೇಲಿನ ಮೂಲೆಗೆ ಅರಶಿನ ಹಚ್ಚಿದ್ದು, ಮಡಚಿದ ಜಾಗದಲ್ಲಿ ಅಕ್ಷರ ಮಾಸಿದ್ದು. ಅದರಲ್ಲಿ ಸಂವತ್ಸರ, ಅಯನ, ಋತು ಎಲ್ಲ ಆದ್ಮೇಲೆ ಹೀಗೆ ಉಂಟು: ಪುಷ್ಯ ಮಾಸ, ಬಹುಳ ಏಕಾದಶಿ, ಕುಜವಾಸರ, ಅನೂರಾಧಾ ನಕ್ಷತ್ರ ಪ್ರಥಮ ಪಾದ, ಉದಯಾದಿ ಗತ ಘಟಿ 57 ವಿಘಟಿ 17 (ಸೂರ್ಯೋದಯದಿಂದ ಹುಟ್ಟುವ ವರೆಗೆ ಕಳೆದ ಘಳಿಗೆ, ವಿಘಳಿಗೆ), ಧನುರ್ಲಗ್ನ (ಹುಟ್ಟುವಾಗ ಪೂರ್ವದಲ್ಲಿ ಮೂಡುತ್ತಿದ್ದ ರಾಶಿ ಧನು). ಕೆಳಗೆ ಕುಂಡಲಿ, ಅದರಲ್ಲಿ ಕರ್ಕಾಟಕದ ಮನೆಯಲ್ಲಿ "ಮಾಂ" ಅಂತ ಮಾಂದಿಯ ಗುರುತು (ಮಾಂದಿ ಅಂದ್ರೆ ಕಣ್ಣಿಗೆ ಕಾಣುವ ಗ್ರಹ ಅಲ್ಲ, ವಾರದ ಲೆಕ್ಕದಿಂದ ಸಿಗುವ ಒಂದು ಬಿಂದು). ಇಂಗ್ಲಿಷ್ ತಾರೀಖು ಎಲ್ಲೂ ಇಲ್ಲ. ಹಳೇ ಕಾಲದ ಜೋಯಿಸರು ಅದನ್ನು ಬರೀತಿದ್ದದ್ದೂ ಕಮ್ಮಿ, ಅವರ ಕೆಲಸಕ್ಕೆ ಅದು ಬೇಕೂ ಇರ್ಲಿಲ್ಲ.

ಹುಡುಗಿಗೆ ಚಿಕ್ಕಂದಿನಿಂದ ನಕ್ಷತ್ರ ಅನೂರಾಧಾ ಅಂತಲೇ ಗೊತ್ತು. ದೇವಸ್ಥಾನದಲ್ಲಿ ರಶೀದಿ ಬರೆಯುವವರು ಮಲಯಾಳಿಯಾದ್ರೆ ಅನಿಳಂ ಅಂತ ಬರ್ಕೊಳ್ತಾರೆ, ನಮ್ಮವರಾದ್ರೆ ಅನೂರಾಧಾ. ಇಷ್ಟು ವರ್ಷ ಯಾರಿಗೂ ಎಂತ ಸಂಶಯವೂ ಬರ್ಲಿಲ್ಲ.

ತೊಂದರೆ ಶುರುವಾದದ್ದು

ಬೆಂಗಳೂರಲ್ಲಿ ಸೆಟ್ಲ್ ಆದ, ಮೂಲ ನಮ್ಮ ಕಡೆಯೇ ಆದ ಒಂದು ಮನೆಯಿಂದ ಸಂಬಂಧ ಬಂತು. ಹುಡುಗನದ್ದು ರೋಹಿಣಿ ನಕ್ಷತ್ರ. ಹುಡುಗಿಯ ಬಯೋಡಾಟಾ ಮಾಡಿ ವಾಟ್ಸಾಪಲ್ಲಿ ಕಳಿಸುವ ಜವಾಬ್ದಾರಿ ಸೋದರಮಾವನದ್ದು. ಮಾವ ತುಂಬ ಶಿಸ್ತಿನ ಮನುಷ್ಯ, ಎಲ್ಲ ತಾಳೆ ನೋಡಿಯೇ ಬರೆಯುವವರು, ಮತ್ತೆ ಅದೇ ಇಲ್ಲಿ ಎಡವಟ್ಟಾದದ್ದು. ಜಾತಕದ ಹಾಳೆಯಲ್ಲಿ ಕುಜವಾಸರ ಅಂದ್ರೆ ಮಂಗಳವಾರ ಅಂತ ಉಂಟು, ಸರ್ಟಿಫಿಕೇಟಿನ ತಾರೀಖು ಬುಧವಾರಕ್ಕೆ ಬರ್ತದೆ. ಅವರು ಯೋಚನೆ ಮಾಡಿದ್ರು, ಅಜ್ಜ ಅದೇ ವಾರ ಹೋಗಿ ಬರೆಸಿದ್ದು ತಪ್ಪಾಗ್ಲಿಕ್ಕಿಲ್ಲ, ಆಫೀಸಿನ ಎಂಟ್ರಿ ಒಂದು ದಿನ ಆಚೀಚೆ ಆಗಿರಬಹುದು, ನಮ್ಮ ಕಾಲದಲ್ಲಿ ಎಷ್ಟು ಜನರ ಜನನ ತಾರೀಖು ಶಾಲೆಗೆ ಸೇರಿಸುವಾಗ ಬರೆಸಿದ್ದಲ್ವಾ ಅಂತ. ಹಾಗೆ ಬಯೋಡಾಟಾದಲ್ಲಿ ತಾರೀಖನ್ನು ಒಂದು ದಿನ ಹಿಂದೆ ಹಾಕಿ, ಮಂಗಳವಾರ ಬೆಳಗ್ಗೆ 5:50, ನಕ್ಷತ್ರ ಅನೂರಾಧಾ ಅಂತ ಬರೆದು ಕಳಿಸಿದ್ರು.

ಅಲ್ಲಿಯ ಜೋಯಿಸರು ಆ ತಾರೀಖು, ಆ ಸಮಯ ಹಾಕಿ ಜಾತಕ ತೆಗೆದ್ರೆ ನಕ್ಷತ್ರ ಬಂದದ್ದು ವಿಶಾಖಾ. ಮಾವ ಕಳಿಸಿದ ಗಳಿಗೆಗೂ ನಿಜವಾದ ಗಳಿಗೆಗೂ ಸರಿಯಾಗಿ 24 ಗಂಟೆ ಅಂತರ, ಅಷ್ಟರಲ್ಲಿ ಚಂದ್ರ ಹೆಚ್ಚುಕಮ್ಮಿ ಒಂದು ನಕ್ಷತ್ರ ದಾಟಿ ಹೋಗ್ತಾನೆ. ಒಂದು ನಕ್ಷತ್ರ ಅಂದ್ರೆ 13 ಡಿಗ್ರಿ 20 ಮಿನಿಟು, ಚಂದ್ರನ ದಿನದ ನಡಿಗೆಯೂ ಸರಾಸರಿ ಅಷ್ಟೇ. ಮದುವೆಗೆ ಜಾತಕ ಕೂಡಿಸುವಾಗ ಒಂದೊಂದು ಕೂಟಕ್ಕೆ ಇಷ್ಟು ಅಂತ ಒಟ್ಟು 36 ಗುಣ, ಅಂದ್ರೆ ಅಂಕ, ಹಾಕ್ತಾರೆ. ರೋಹಿಣಿಯೂ ವಿಶಾಖಾವೂ ಎರಡೂ ಅಂತ್ಯ ನಾಡಿ, ಹಾಗಾಗಿ ನಾಡಿ ಕೂಟದ 8 ಗುಣ ಹೋಯ್ತು. ರೋಹಿಣಿ ಮನುಷ್ಯ ಗಣ, ವಿಶಾಖಾ ರಾಕ್ಷಸ ಗಣ, ಅಲ್ಲಿ 6ರ ಮೇಲೂ ಕತ್ತರಿ. ಚಂದ್ರ ತುಲಾದಲ್ಲಿ ಬಿದ್ದ ಕಾರಣ ವೃಷಭ ತುಲಾ ಷಷ್ಠಾಷ್ಟಕ (ಒಂದರಿಂದ ಇನ್ನೊಂದು 6ನೇ, 8ನೇ ರಾಶಿ), ರಾಶಿಕೂಟದ 7ಕ್ಕೂ ತೊಂದರೆ. 36ರಲ್ಲಿ 21 ಗುಣದ ವಿಷಯ ಇದು, ಸಣ್ಣದಲ್ಲ.

ಆದ್ರೆ ಗುಣ ಕಮ್ಮಿ ಬಂದದ್ದಕ್ಕಿಂತ ದೊಡ್ಡ ಪೆಟ್ಟು ಬೇರೆಯೇ. ಬಯೋಡಾಟಾದಲ್ಲಿ ಅನೂರಾಧಾ, ಲೆಕ್ಕದಲ್ಲಿ ವಿಶಾಖಾ. ಅನೂರಾಧಾ ಆದ್ರೆ ಮಧ್ಯ ನಾಡಿ, ದೇವ ಗಣ, ವೃಶ್ಚಿಕ ರಾಶಿ, ಹುಡುಗನ ವೃಷಭಕ್ಕೆ ಸಮಸಪ್ತಮ (ಒಂದಕ್ಕೊಂದು 7ನೇ ರಾಶಿ), ಮೂರು ದೋಷವೂ ಒಟ್ಟಿಗೆ ಮಾಯ. ನೋಡಿದವರಿಗೆ ಎಂತ ಅನ್ನಿಸ್ತದೆ? ಹುಡುಗನ ನಕ್ಷತ್ರ ಗೊತ್ತಾದ ಮೇಲೆ ಕೂಡಿಬರುವ ಹಾಗೆ ನಕ್ಷತ್ರ ಬದಲಾಯಿಸಿದ್ದಾರೆ ಅಂತ. ಹಾಗಂತ ಹುಡುಗನ ಮನೆಯವರು ಮಧ್ಯಸ್ಥರ ಮೂಲಕ ಹೇಳಿಯೂ ಕಳಿಸಿದ್ರು. ಹುಡುಗಿಯ ಅಮ್ಮ ಆ ಮಾತು ಕೇಳಿ ನಾಲ್ಕು ದಿನ ಸರಿ ಊಟ ಮಾಡ್ಲಿಲ್ಲ.

ಮೊದಲು ಮಾಡಿ ನೋಡಿದ್ದು

ನನ್ನ ಹತ್ರ ಬರುವ ಮೊದಲೇ ಅವರು ಬೇರೆ ಬೇರೆ ದಾರಿ ನೋಡಿದ್ರು. ಒಬ್ಬ ನೆಂಟರು ಹೇಳಿದ್ರು, ಕಂಪ್ಯೂಟರ್ ಲೆಕ್ಕ ತಪ್ಪುದಿಲ್ಲ, ವಿಶಾಖಾ ಅಂತಲೇ ಒಪ್ಪಿಕೊಂಡು ನಾಡಿ ದೋಷಕ್ಕೆ ಶಾಂತಿ ಮಾಡಿಸಿ ಮುಂದೆ ಹೋಗಿ ಅಂತ. ಇನ್ನೊಬ್ಬರು ಪ್ರಶ್ನೆ ಇಡಿಸುವ, ಅಂದ್ರೆ ಕೇಳಿದ ಗಳಿಗೆ ನೋಡಿ ಜೋಯಿಸರಿಂದ ಉತ್ತರ ಹೇಳಿಸುವ ಅಂದ್ರು. ಹುಡುಗಿಯ ತಮ್ಮ ಫೋನಿನ ಒಂದು ಆಪಲ್ಲಿ ಸರ್ಟಿಫಿಕೇಟಿನ ತಾರೀಖು ಹಾಕಿ ನೋಡಿದ, ನಕ್ಷತ್ರ ಅನೂರಾಧಾ ಬಂತು, ಎಲ್ಲರಿಗೂ ಒಮ್ಮೆ ಖುಷಿ, ಆದ್ರೆ ಅದರಲ್ಲಿ ವಾರ ಬುಧವಾರ ಅಂತ ಬಂತು, ಮಾಂದಿ ಧನು ಲಗ್ನದಲ್ಲೇ ಬಂದು ಕೂತಿತ್ತು. ಅಜ್ಜನ ಹಾಳೆಯಲ್ಲಿ ಮಾಂದಿ ಕರ್ಕಾಟಕದಲ್ಲಿ. ನಮ್ಮ ಕಡೆ, ಕೇರಳದ ಪದ್ಧತಿ ಬೆರೆತ ಜಾಗ ಅಲ್ವಾ, ಮಾಂದಿ ಎಲ್ಲಿ ಉಂಟು ಅಂತ ಮೊದಲು ನೋಡುವವರೇ ಜಾಸ್ತಿ, ಲಗ್ನದಲ್ಲಿ ಮಾಂದಿ ಅಂದ ಕೂಡಲೇ ಅಮ್ಮನಿಗೆ ಇನ್ನೊಂದು ಹೆದರಿಕೆ ಸೇರಿತು. ಈಗ ಮನೆಯಲ್ಲಿ ಒಂದೇ ಹುಡುಗಿಯ ಮೂರು ಜಾತಕ, ಮೂರೂ ಒಂದಕ್ಕೊಂದು ಒಪ್ಪುದಿಲ್ಲ.

ಮಾವ ಮೂರನ್ನೂ ಒಂದು ಕವರಲ್ಲಿ ಹಾಕಿ ತಂದ್ರು. ಅವರ ಒಟ್ಟಿಗೆ ಹುಡುಗಿಯೂ ಬಂದಿದ್ಲು, ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣ, ಸಂಬಂಧ ಆಗ್ತದೋ ಬಿಡ್ತದೋ ಮತ್ತೆ ನೋಡುವ, ನನ್ನ ನಕ್ಷತ್ರ ಯಾವುದು ಅಂತ ಹೇಳಿ."

ಆ ಪ್ರಶ್ನೆಯಿಂದಲೇ ನನಗೆ ದಾರಿ ಕಂಡದ್ದು. ನಾನು ಮಾವನಿಗೆ ಹೇಳಿದೆ, ಹುಡುಗನ ನಕ್ಷತ್ರ, ಗುಣದ ಲೆಕ್ಕ ಇದೆಲ್ಲ ಬದಿಗಿಡುವ, ಅದನ್ನು ನೋಡ್ತಾ ಕೂತ್ರೆ ನಮಗೆ ಬೇಕಾದ ಉತ್ತರವೇ ಸರಿ ಅಂತ ಕಾಣ್ಲಿಕ್ಕೆ ಶುರು ಆಗ್ತದೆ. ಮಗು ಹುಟ್ಟಿದ ಗಳಿಗೆ ಯಾವುದು ಅಂತ ಬೇರೆ ಸಾಕ್ಷಿಯಿಂದ ಮೊದಲು ಗಟ್ಟಿ ಮಾಡುವ, ಪರಿಹಾರ, ಪ್ರಶ್ನೆ ಎಲ್ಲ ಆಮೇಲೆ ಬೇಕಿದ್ರೆ. ಇಂಥ ಕೇಸಲ್ಲಿ ಶಾಂತಿ ಮಾಡಿಸಿ ಮುಗಿಸುದು ಸುಲಭ, ಆದ್ರೆ ಇಲ್ಲದ ದೋಷಕ್ಕೆ ಶಾಂತಿ ಮಾಡಿಸಿದ್ರೆ ಆ ಹುಡುಗಿ ಜೀವಮಾನ ಪೂರ್ತಿ ತಪ್ಪು ನಕ್ಷತ್ರ ಹೇಳ್ಕೊಂಡು ಸಂಕಲ್ಪ ಮಾಡ್ಬೇಕು.

ದಿನ ಯಾವಾಗ ಶುರು

ಇಲ್ಲಿ ಸ್ವಲ್ಪ ವಿವರ ಬೇಕು, ಇದೇ ಈ ಪ್ರಕರಣದ ಬೇರು. ನಮ್ಮ ಜ್ಯೋತಿಷ್ಯದಲ್ಲಿ ವಾರ ಬದಲಾಗುದು ಸೂರ್ಯೋದಯಕ್ಕೆ. ಇವತ್ತಿನ ಸೂರ್ಯೋದಯದಿಂದ ನಾಳೆಯ ಸೂರ್ಯೋದಯದ ವರೆಗೆ ಒಂದು ಅಹೋರಾತ್ರ, ಅದಕ್ಕೆ 60 ಘಳಿಗೆ, ಒಂದು ಘಳಿಗೆ 24 ನಿಮಿಷ, ಒಂದು ವಿಘಳಿಗೆ 24 ಸೆಕೆಂಡು. ರಾತ್ರಿ 12 ಗಂಟೆಗೆ ತಾರೀಖು ಬದಲಾಗುದು ಆಫೀಸಿನ ಲೆಕ್ಕ, ಜಾತಕದ ವಾರಕ್ಕೆ ಅದು ಲೆಕ್ಕಕ್ಕಿಲ್ಲ. ನಮ್ಮ ಊರಲ್ಲಿ ಮಂಗಳವಾರ ರಾತ್ರಿ ಯಕ್ಷಗಾನ ಆಟ ಅಂತ ನೋಟೀಸು ಹಾಕಿದ್ರೆ ಮಂಗಳ ಹಾಡುವಾಗ ಬುಧವಾರ ಬೆಳಕು ಹರಿದಿರ್ತದೆ, ಆದ್ರೂ ಅದು ಮಂಗಳವಾರದ ಆಟವೇ, ಅಲ್ವಾ? ಜೋಯಿಸರ ವಾರವೂ ಹಾಗೆಯೇ.

ವಾರದ ಹೆಸರು ಹೊರಡುದೇ ಸೂರ್ಯೋದಯದ ಹೋರೆಯಿಂದ, ಹೋರೆ ಅಂದ್ರೆ ದಿನದ 24ರಲ್ಲಿ ಒಂದು ಪಾಲು, ಒಂದೊಂದಕ್ಕೆ ಒಬ್ಬ ಗ್ರಹ ಯಜಮಾನ. ಮಂಗಳವಾರ ಉದಯಕ್ಕೆ ಮೊದಲ ಹೋರೆ ಕುಜನದ್ದು, ಆಮೇಲೆ ಸೂರ್ಯ, ಶುಕ್ರ, ಬುಧ, ಚಂದ್ರ, ಶನಿ, ಗುರು ಅಂತ ಸುತ್ತು, 24 ಹೋರೆ ಮುಗಿದು 25ನೆಯದ್ದು ಬುಧನದ್ದು ಬರ್ತದೆ, ಅದೇ ಬುಧವಾರದ ಉದಯ. ವಾರವನ್ನು ನಡುರಾತ್ರಿಗೆ ಬದಲಾಯಿಸಿದ್ರೆ ಈ ಕ್ರಮಕ್ಕೆ ಅರ್ಥವೇ ಇರುದಿಲ್ಲ.

ಮಾವ ಸುಮ್ಮನೆ ಒಪ್ಪುವವರಲ್ಲ. "ಹಳೇ ಗ್ರಂಥದಲ್ಲಿಯೂ ಮಧ್ಯರಾತ್ರಿಯ ಲೆಕ್ಕ ಉಂಟು ಅಂತ ಕೇಳಿದ್ದೇನಲ್ಲ?" ಅಂತ ಕೇಳಿದ್ರು. ಒಳ್ಳೆ ಪ್ರಶ್ನೆ, ಉಂಟು. ಆರ್ಯಭಟನಿಗೆ ಎರಡು ಪದ್ಧತಿ ಇತ್ತು, ಆರ್ಯಭಟೀಯದಲ್ಲಿ ದಿನ ಸೂರ್ಯೋದಯಕ್ಕೆ ಶುರು, ಅದು ಔದಯಿಕ, ಇನ್ನೊಂದು ಅರ್ಧರಾತ್ರಿಕ. ಸೂರ್ಯಸಿದ್ಧಾಂತ ಲೆಕ್ಕ ಹಿಡಿಯುದು ಲಂಕಾ ಉಜ್ಜಯಿನಿ ರೇಖೆಯ (ಹಳೇ ಲೆಕ್ಕದ ಮೂಲ ರೇಖಾಂಶದ) ಮಧ್ಯರಾತ್ರಿಯಿಂದ. ವರಾಹಮಿಹಿರ ಪಂಚಸಿದ್ಧಾಂತಿಕಾದಲ್ಲಿ ದಿನದ ಆರಂಭದ ಬಗ್ಗೆ ಬೇರೆ ಬೇರೆ ಆಚಾರ್ಯರ ಮತ ಬೇರೆ ಬೇರೆ ಅಂತ ಎತ್ತಿ ಹೇಳಿದ್ದಾನೆ, ಸೂರ್ಯಾಸ್ತಕ್ಕೆ ಶುರು ಅನ್ನುವವರೂ ಇದ್ರು. ಆದ್ರೆ ಅದೆಲ್ಲ ಗ್ರಹಗಣಿತಕ್ಕೆ, ಅಹರ್ಗಣ (ಒಂದು ಆರಂಭದಿಂದ ಕಳೆದ ದಿನಗಳ ಲೆಕ್ಕ) ಎಣಿಸ್ಲಿಕ್ಕೆ ಎಲ್ಲಿಂದ ಹೊರಡ್ಬೇಕು ಅನ್ನುವ ವಿಷಯ. ಊರಿನ ಪಂಚಾಂಗದಲ್ಲಿ, ಜಾತಕದಲ್ಲಿ, ಸಂಕಲ್ಪದಲ್ಲಿ ನಡ್ಕೊಂಡು ಬಂದದ್ದು ಆಯಾ ಊರಿನ ಸೂರ್ಯೋದಯ. ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ಆಯ್ತು, 1955ರಲ್ಲಿ ವರದಿ ಬಂತು, ಅವರೂ ಲೌಕಿಕಕ್ಕೆ ಮಧ್ಯರಾತ್ರಿ, ಧಾರ್ಮಿಕ ಕೆಲಸಕ್ಕೆ ಊರಿನ ಸೂರ್ಯೋದಯ ಅಂತ ಎರಡನ್ನೂ ಅದರದರ ಜಾಗದಲ್ಲಿ ಇಟ್ರು. ಅಂದ್ರೆ ಸರ್ಟಿಫಿಕೇಟಿನ ಬುಧವಾರವೂ ಸರಿ, ಅಜ್ಜನ ಹಾಳೆಯ ಮಂಗಳವಾರವೂ ಸರಿ. ಎರಡೂ ಹೇಳುದು ಒಂದೇ ಗಳಿಗೆಯನ್ನು. ಎರಡನ್ನು ಒಂದು ಮಾಡ್ಲಿಕ್ಕೆ ಹೋಗಿ ತಾರೀಖನ್ನು ಹಿಂದೆ ಎಳೆದಾಗ ಮಾತ್ರ ಗಳಿಗೆ ತಪ್ಪಿತು.

ತಿರುವು: 57 ಘಳಿಗೆ 17 ವಿಘಳಿಗೆ

ಇದು ನನ್ನ ಅಂದಾಜು ಅಂತ ಆಗಬಾರದಲ್ಲ, ಸಾಕ್ಷಿ ಬೇಕು. ಸಾಕ್ಷಿ ಅಜ್ಜನ ಹಾಳೆಯಲ್ಲೇ ಇತ್ತು, ಯಾರೂ ಅದನ್ನು ಗಂಟೆಗೆ ಇಳಿಸಿ ನೋಡಿರ್ಲಿಲ್ಲ ಅಷ್ಟೇ.

ಕಾಸರಗೋಡು ಹೆಚ್ಚುಕಮ್ಮಿ 75 ಡಿಗ್ರಿ ಪೂರ್ವ ರೇಖಾಂಶದಲ್ಲಿ ಉಂಟು, ನಮ್ಮ ಗಡಿಯಾರ ಓಡುದು 82 ಡಿಗ್ರಿ 30 ಮಿನಿಟಿನ ಲೆಕ್ಕದಲ್ಲಿ, ಹಾಗಾಗಿ ಇಲ್ಲಿ ಸೂರ್ಯ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆ. ಸಂಕ್ರಾಂತಿ ಆಸುಪಾಸಲ್ಲಿ ಇಲ್ಲಿ ಸೂರ್ಯೋದಯ 6:55ಕ್ಕೆ. ಈಗ ಮಂಗಳವಾರ ಬೆಳಗ್ಗೆ 6:55ರಿಂದ 57 ಘಳಿಗೆ 17 ವಿಘಳಿಗೆ ಎಣಿಸಿ. 57 ಅನ್ನು 24ರಿಂದ ಗುಣಿಸಿದ್ರೆ 1368 ನಿಮಿಷ, 17 ವಿಘಳಿಗೆ ಅಂದ್ರೆ ಸುಮಾರು 7 ನಿಮಿಷ, ಒಟ್ಟು 1375, ಅಂದ್ರೆ 22 ಗಂಟೆ 55 ನಿಮಿಷ. 6:55ಕ್ಕೆ ಅದನ್ನು ಸೇರಿಸಿದ್ರೆ ಬುಧವಾರ ಬೆಳಗ್ಗೆ 5:50. ಆಸ್ಪತ್ರೆ ಚೀಟಿಯ ಸಮಯ ಮಿನಿಟಿಗೆ ಮಿನಿಟು ಬಂತು. 60 ಘಳಿಗೆಯ ದಿನದಲ್ಲಿ 57 ಆಗಿದೆ ಅಂದ್ರೆ ಆ ದಿನ ಮುಗೀಲಿಕ್ಕೆ ಮೂರೂ ಇಲ್ಲದಷ್ಟು ಘಳಿಗೆ ಬಾಕಿ, ಅಂದ್ರೆ ಸೂರ್ಯ ಹುಟ್ಟುವ ಮೊದಲು. ಆ ಜೋಯಿಸರು "ಕುಜವಾಸರ" ಅಂತ ಬರೆದು ಪಕ್ಕದಲ್ಲೇ 57-17 ಅಂತ ಹಾಕಿದ್ದು ಇದೇ ಕಾರಣಕ್ಕೆ, ಎರಡು ಶಬ್ದ ಒಟ್ಟಿಗೆ ಓದಿದ್ರೆ ಮಾತ್ರ ಗಳಿಗೆ ಸಿಗ್ತದೆ. ಕಾಗದ ಮುಂದಿಟ್ಟು ಲೆಕ್ಕ ಮಾಡುವಾಗ ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕ್ಕೊಂಡು ಇನ್ನೊಮ್ಮೆ ಕೂಡಿಸಿ ನೋಡಿದ್ರು.

ಎರಡನೇ ಸಾಕ್ಷಿ ಮಾಂದಿ. ಮಾಂದಿಯ ಉದಯಕ್ಕೆ ವಾರ ಬೇಕೇ ಬೇಕು. ಹಗಲಿಗೆ ಆದಿತ್ಯವಾರದಿಂದ ಶುರು ಮಾಡಿ 26, 22, 18, 14, 10, 6, 2 ಘಳಿಗೆ, ರಾತ್ರಿಗೆ ಸೂರ್ಯಾಸ್ತದಿಂದ 10, 6, 2, 26, 22, 18, 14. ಇದು 30 ಘಳಿಗೆಯ ಹಗಲು, 30 ಘಳಿಗೆಯ ರಾತ್ರಿಗೆ ಹೇಳಿದ್ದು, ಆ ದಿನದ ಉದ್ದಕ್ಕೆ ತಕ್ಕ ಹಾಗೆ ಹೊಂದಿಸ್ಕೊಳ್ಬೇಕು. ಮಂಗಳವಾರ ರಾತ್ರಿ ಆದ್ರೆ 2 ಘಳಿಗೆ, ಅಂದ್ರೆ ಸೂರ್ಯಾಸ್ತ ಆಗಿ 50 ನಿಮಿಷಕ್ಕೆ, ಆಗ ಮೂಡುತ್ತಿದ್ದ ಲಗ್ನ ಕರ್ಕಾಟಕ. ಅಜ್ಜನ ಹಾಳೆಯಲ್ಲಿ ಇರುದೂ ಕರ್ಕಾಟಕವೇ. ತಮ್ಮನ ಆಪು ವಾರವನ್ನು ರಾತ್ರಿ 12ಕ್ಕೆ ಬದಲಾಯಿಸಿ ಬುಧವಾರದ 26 ಘಳಿಗೆ ತಗೊಂಡಿತ್ತು, ಅದು ಬೆಳಗಿನ ಜಾವ 5:15ರ ಹತ್ರ ಬರ್ತದೆ, ಆಗ ಮೂಡುದು ಧನು, ಹಾಗೆ ಮಾಂದಿ ಲಗ್ನಕ್ಕೆ ಬಂದದ್ದು. ಆ ಆಪಲ್ಲಿ ನಕ್ಷತ್ರ, ಲಗ್ನ, ದಶೆ ಎಲ್ಲ ಸರಿಯೇ ಇತ್ತು, ಯಾಕಂದ್ರೆ ಅದಕ್ಕೆಲ್ಲ ಗಳಿಗೆ ಗೊತ್ತಾದ್ರೆ ಸಾಕು, ವಾರ ಬೇಡ. ವಾರವನ್ನು ನಂಬಿ ನಿಂತ ಮಾಂದಿ ಮಾತ್ರ ತಪ್ಪಿತು. ಒಳ್ಳೆ ಸಾಫ್ಟ್‌ವೇರಲ್ಲಿ ಇದು ಸರಿ ಬರ್ತದೆ, ನಿಮ್ಮದು ಹೇಗೆ ಅಂತ ನೋಡ್ಲಿಕ್ಕೆ ಬೆಳಗಿನ ಜಾವ ನಾಲ್ಕು ಗಂಟೆಯ ಒಂದು ಸಮಯ ಹಾಕಿ ವಾರ ಎಂತ ತೋರಿಸ್ತದೆ ಅಂತ ನೋಡಿ, ಕೂಡಲೇ ಗೊತ್ತಾಗ್ತದೆ.

ಬಯೋಡಾಟಾದ ತಾರೀಖೇ ತಪ್ಪು ಅಂತ ಯಾಕೆ ಯಾರಿಗೂ ಸಂಶಯ ಬರ್ಲಿಲ್ಲ ಅನ್ನುದಕ್ಕೂ ಕಾರಣ ಇಲ್ಲೇ ಉಂಟು. 24 ಗಂಟೆ ಹಿಂದೆ ಹೋದ್ರೆ ಲಗ್ನ ಬದಲಾಗುದಿಲ್ಲ, ಎರಡರಲ್ಲೂ ಧನುವೇ, ಒಂದು ಡಿಗ್ರಿ ಆಚೀಚೆ. ಸೂರ್ಯ ಅದೇ ಜಾಗ, ಗುರು ಶನಿ ಅದೇ ಜಾಗ. ಚಂದ್ರ ಒಬ್ಬನೇ ಓಡಿದ್ದು. ಕುಂಡಲಿ ಎರಡನ್ನೂ ಪಕ್ಕ ಇಟ್ಟು ನೋಡಿದವರಿಗೆ ಎಲ್ಲ ಒಂದೇ, ಹುಡುಗಿ ಕಡೆಯವರು ಚಂದ್ರನನ್ನು ಮಾತ್ರ ಎತ್ತಿ ಪಕ್ಕದ ಮನೆಗೆ ಇಟ್ಟ ಹಾಗೆ ಕಾಣ್ತದೆ. ಚಂದ್ರ ಹೋದ್ರೆ ದಶೆಯೂ ಹೋಯ್ತು, ಅನೂರಾಧಾ ಆದ್ರೆ ಶನಿಯಿಂದ ಹುಟ್ಟಿ ಈಗ ಬುಧ ದಶೆ, ವಿಶಾಖಾ ಆದ್ರೆ ಗುರುವಿಂದ ಹುಟ್ಟಿ ಈಗ ಶನಿ ದಶೆ.

ಮೂರನೆಯದ್ದು ಅಮ್ಮನ ನೆನಪು. ಫೋನಲ್ಲಿ ಕೇಳಿದೆ, "ಅಕ್ಕ, ಆಸ್ಪತ್ರೆಗೆ ಹೊರಟದ್ದು ಯಾವಾಗ?" ಅವರು ತಾರೀಖು ಹೇಳ್ಲಿಲ್ಲ, ಮಂಗಳವಾರ ಸಂಜೆ ದೀಪ ಹಚ್ಚಿದ ಮೇಲೆ ಹೊರಟದ್ದು, ರಾತ್ರಿ ಇಡೀ ನೋವು, ಬೆಳಕು ಹರಿಯುವ ಮೊದಲೇ ಆಯ್ತು ಅಂದ್ರು. ಮಂಗಳವಾರ ಬೆಳಗ್ಗೆ 5:50ಕ್ಕೆ ಹುಟ್ಟಿದ್ದಾದ್ರೆ ಆ ಸಂಜೆ ಮಗು ಅವರ ಮಡಿಲಲ್ಲಿ ಇರ್ಬೇಕಿತ್ತು. ಲೆಕ್ಕ ಗೊತ್ತಿಲ್ಲದವರಿಗೂ ಇದು ಅರ್ಥ ಆಗ್ತದೆ, ಅದಕ್ಕೇ ನಾನು ಇದನ್ನೂ ಬರೆದಿಟ್ಟೆ.

ಬೆಂಗಳೂರಿಗೆ ಮಾತಾಡಿದ್ದು

ಹುಡುಗನ ಮನೆಯವರಿಗೆ ನೇರ ಹೇಳುದಕ್ಕಿಂತ ಅವರ ಜೋಯಿಸರಿಗೇ ಹೇಳುದು ಅಂತ ತೀರ್ಮಾನ ಮಾಡಿದೆವು. ಮನೆಯವರ ಮಧ್ಯೆ ಮಾತು ಹೋದ್ರೆ ವಾದ ಆಗ್ತದೆ, ಗಣಿತ ಗೊತ್ತಿರುವವರಿಗೆ ಸಂಖ್ಯೆ ಕೊಟ್ರೆ ವಾದಕ್ಕೆ ಜಾಗ ಇಲ್ಲ. ಅಜ್ಜನ ಹಾಳೆಯ ಫೋಟೋ, ಆಸ್ಪತ್ರೆ ಚೀಟಿಯ ಫೋಟೋ ಕಳಿಸಿ ಫೋನ್ ಮಾಡಿದೆ. ವಯಸ್ಸಾದವರು, ನಿಧಾನ ಕೇಳಿದ್ರು. ಮೊದಲು ಲೆಕ್ಕ ಹಾಕಿ "5:40 ಬರ್ತದಲ್ಲ, 10 ನಿಮಿಷ ವ್ಯತ್ಯಾಸ ಉಂಟಲ್ಲ" ಅಂದ್ರು. ಅವರು ಬೆಂಗಳೂರಿನ ಸೂರ್ಯೋದಯ 6:45 ಹಿಡಿದಿದ್ರು. "ಜೋಯಿಸ್ರೇ, ಮಗು ಹುಟ್ಟಿದ್ದು ಕಾಸರಗೋಡಲ್ಲಿ, ಇಲ್ಲಿ 6:55" ಅಂದೆ. ಆಚೆ ಕಡೆ ಪೆನ್ನಿನ ಸದ್ದು ಕೇಳ್ತಿತ್ತು, ಆಮೇಲೆ ಅವರೇ ಹೇಳಿದ್ರು, "ಕೂಡಿ ಬಂತು, ಅನೂರಾಧಾವೇ. ನನಗೆ ಕೊಟ್ಟ ತಾರೀಖೇ ಒಂದು ದಿನ ಹಿಂದಿನದ್ದು, ನಾನು ಮನೆಯವರಿಗೆ ಹೇಳ್ತೇನೆ." ಅವರ ದೊಡ್ಡತನ, ಆ ದಿನವೇ ಹೇಳಿದ್ರು.

ಒಂದು ಸೂಕ್ಷ್ಮ ಇಲ್ಲಿ ಹೇಳ್ಬೇಕು. ಸೂರ್ಯೋದಯ ಅಂದ್ರೆ ಯಾವುದು ಅನ್ನುದರಲ್ಲೂ ಎರಡು ಉಂಟು. ಬಿಂಬದ ಮೇಲಿನ ಅಂಚು ಕಾಣುದು, ಗಾಳಿಯಲ್ಲಿ ಬೆಳಕು ಬಾಗುದನ್ನೂ ಸೇರಿಸಿ, ಒಂದು ಲೆಕ್ಕ. ಬಿಂಬದ ನಡುಭಾಗ ದಿಗಂತಕ್ಕೆ ಬರುದು, ಬೆಳಕು ಬಾಗುದನ್ನು ಬಿಟ್ಟು, ಇನ್ನೊಂದು. ನಮ್ಮ ಅಕ್ಷಾಂಶದಲ್ಲಿ ಎರಡರ ಮಧ್ಯೆ ಮೂರೂವರೆ, ನಾಲ್ಕು ನಿಮಿಷ ಅಂತರ ಬರ್ತದೆ, 6:55 ಇದ್ದದ್ದು 6:59 ಆಗ್ತದೆ. ಈ ಹುಡುಗಿಗೆ ಅದರಿಂದ ಎಂತದೂ ಬದಲಾಗುದಿಲ್ಲ, ಅವಳು ಒಂದು ಗಂಟೆ ಮೊದಲೇ ಹುಟ್ಟಿದ್ದು. ಆದ್ರೆ 6:57ಕ್ಕೆ ಹುಟ್ಟಿದ ಮಗುವಿಗೆ ವಾರವೇ ಬದಲಾಗ್ತದೆ, ಹಗಲು ಜನನವೋ ರಾತ್ರಿ ಜನನವೋ ಅನ್ನುದೂ ಬದಲಾಗ್ತದೆ, ಅಂಥ ಕೇಸಲ್ಲಿ ಯಾವ ಪಂಚಾಂಗದ ಉದಯ ಹಿಡಿದದ್ದು ಅಂತ ಬರೆದಿಡ್ಲೇಬೇಕು. ನಮ್ಮಲ್ಲಿ ಪೂರ್ವಕ್ಕೆ ಗುಡ್ಡ ಇರುವ ಮನೆಗೆ ಸೂರ್ಯ ಕಾಣುದು ಇನ್ನೂ ತಡ, ಅದು ಲೆಕ್ಕಕ್ಕೆ ಬರುದಿಲ್ಲ, ಸಮ ದಿಗಂತವೇ ಪ್ರಮಾಣ.

ಆಮೇಲೆ ಆದದ್ದು

ಹುಡುಗನ ಅಪ್ಪ ಫೋನ್ ಮಾಡಿ ಮಾತಾಡಿದ್ರು, ಬೇಸರ ಮಾಡಬೇಡಿ ಅಂದ್ರು, ಮನಸ್ಸಿಟ್ಟೇ ಹೇಳಿದ್ರು. ಆದ್ರೆ ಸಂಬಂಧ ಕೂಡಿ ಬರ್ಲಿಲ್ಲ. ಈ ಸಂಶಯದಲ್ಲಿ ಕಳೆದ ದಿನಗಳಲ್ಲಿ ಅವರು ಇನ್ನೊಂದು ಕಡೆ ಮಾತು ಮುಂದುವರಿಸಿ ಆಗಿತ್ತು, ಕೊಟ್ಟ ಮಾತು ತಪ್ಪುದು ಸರಿಯಲ್ಲ ಅಂದ್ರು, ಅದು ಮರ್ಯಾದೆಯ ಮಾತೇ. ಹುಡುಗಿಯ ಮನೆಯವರಿಗೆ ಸಂಬಂಧ ತಪ್ಪಿದ ದುಃಖಕ್ಕಿಂತ ಹೆಸರು ಉಳಿದ ಸಮಾಧಾನ ಜಾಸ್ತಿ ಇತ್ತು ಅಂತ ನನಗೆ ಕಂಡದ್ದು. ಮಧ್ಯಸ್ಥರಿಗೂ ವಿಷಯ ಪೂರ್ತಿ ತಿಳಿಸಿದ್ರು, ಅವರ ಬಾಯಿಂದ ನಾಲ್ಕು ಮನೆಗೆ ಹೋದ ಮಾತು ಅವರ ಬಾಯಿಂದಲೇ ಸರಿ ಆಗ್ಬೇಕಿತ್ತು.

ಆಮೇಲೆ ಆ ಮನೆಯಲ್ಲಿ ಬೇರೆ ಪ್ರಶ್ನೆಗಳೂ ಎದ್ದವು. ಅಜ್ಜ ತೀರಿದ್ದೂ ರಾತ್ರಿ ಎರಡು ಗಂಟೆಗೆ, ಹಾಗಾದ್ರೆ ಅವರ ಶ್ರಾದ್ಧದ ದಿನ ಸರಿ ಉಂಟಾ ಅಂತ ಅಮ್ಮ ಕೇಳಿದ್ರು. ಅಲ್ಲಿ ವಾರಕ್ಕೆ ಕೆಲಸ ಇಲ್ಲ, ತೀರಿದ ಗಳಿಗೆಯಲ್ಲಿ ಇದ್ದ ತಿಥಿ ಮುಖ್ಯ, ಪ್ರತಿ ವರ್ಷ ಆ ತಿಥಿ ಅಪರಾಹ್ನಕ್ಕೆ ಇರುವ ದಿನ ಶ್ರಾದ್ಧ. ನೋಡಿದ್ರೆ ಅವರು ಮಾಡ್ತಿದ್ದದ್ದು ಸರಿಯೇ ಇತ್ತು. ದಿನ ಸೂರ್ಯೋದಯಕ್ಕೆ ಶುರು ಅಂತ ಒಮ್ಮೆ ಕಲಿತವರು ಎಲ್ಲದಕ್ಕೂ ಉದಯ ತಿಥಿಯನ್ನೇ ಹಿಡಿಯುದುಂಟು, ಹಾಗೆ ಆಗುದಿಲ್ಲ. ಚೌತಿಗೆ ಮಧ್ಯಾಹ್ನ ನೋಡ್ಬೇಕು, ಶಿವರಾತ್ರಿಗೆ, ಕೃಷ್ಣಾಷ್ಟಮಿಗೆ ನಡುರಾತ್ರಿ, ವೈಷ್ಣವರ ಏಕಾದಶಿಗೆ ಸೂರ್ಯೋದಯಕ್ಕೆ 4 ಘಳಿಗೆ ಮೊದಲು, ಅರುಣೋದಯಕ್ಕೇ ದಶಮಿ ಬಿಟ್ಟಿರಬೇಕು. ರಾಹುಕಾಲವೂ ಊರಿನ ಉದಯದಿಂದಲೇ, ಕ್ಯಾಲೆಂಡರಲ್ಲಿ ಸೋಮವಾರಕ್ಕೆ 7:30ರಿಂದ 9 ಅಂತ ಹಾಕುದು 6 ಗಂಟೆಯ ಸೂರ್ಯೋದಯಕ್ಕೆ, ಜನವರಿಯಲ್ಲಿ ನಮ್ಮಲ್ಲಿ ಅದು 8:21ರಿಂದ 9:47.

ಈ ಪ್ರಕರಣ ಆದ ಮೇಲೆ ನಾನು ಜಾತಕ ಬರೆಯುವಾಗ ಮಧ್ಯರಾತ್ರಿಯಿಂದ ಸೂರ್ಯೋದಯದ ಒಳಗಿನ ಜನನ ಆದ್ರೆ ಎರಡೂ ವಾರ ಬರೀತೇನೆ, ಹುಟ್ಟಿದ ಊರಿನ ಹೆಸರು ಬರೀತೇನೆ, ಹಿಡಿದ ಸೂರ್ಯೋದಯದ ಗಂಟೆಯನ್ನೂ ಬರೀತೇನೆ. ಬಯೋಡಾಟಾ ಮಾಡುವವರಿಗೂ ಇದೇ ಹೇಳುದು, ವಾರ ಮತ್ತು ತಾರೀಖು ಹೊಂದುದಿಲ್ಲ ಅಂತ ಕಂಡ್ರೆ ಯಾವುದನ್ನೂ ತಿದ್ದಬೇಡಿ, ಎರಡನ್ನೂ ಇದ್ದ ಹಾಗೆ ಹಾಕಿ, ಜಾತಕದ ಹಾಳೆಯಲ್ಲಿ ಗತ ಘಟಿ ಎಷ್ಟು ಅಂತ ನೋಡಿ. 45 ದಾಟಿದ್ರೆ ಹೆಚ್ಚಾಗಿ ಅದು ನಡುರಾತ್ರಿ ಕಳೆದ ಜನನ, ಇಂಗ್ಲಿಷ್ ತಾರೀಖು ಮುಂದಿನ ದಿನದ್ದೇ ಇರ್ತದೆ.

ಮಾವ ಹೊಸ ಬಯೋಡಾಟಾ ಮಾಡಿದ್ರು, ನನ್ನ ಎದುರೇ ಟೈಪ್ ಮಾಡಿಸಿದ್ದು. ತಾರೀಖು ಸರ್ಟಿಫಿಕೇಟಿನದ್ದೇ. ಅದರ ಕೆಳಗೆ: "ಮಂಗಳವಾರ ರಾತ್ರಿ ಕಳೆದು ಬುಧವಾರ ಸೂರ್ಯೋದಯದ ಮೊದಲು, ಬೆಳಗಿನ ಜಾವ 5:50, ಕಾಸರಗೋಡು. ಪಂಚಾಂಗ ರೀತ್ಯಾ ಕುಜವಾರ, ಉದಯಾದಿ ಘಟಿ 57-17, ಅನೂರಾಧಾ 1ನೇ ಪಾದ." ಆಧಾರು, ಪಾಸ್‌ಪೋರ್ಟು ಎಲ್ಲ ಬುಧವಾರದ ತಾರೀಖಲ್ಲೇ ಉಂಟು, ಅದನ್ನು ಯಾರೂ ಮುಟ್ಟಬೇಕಾಗಿಲ್ಲ.